ಮ್ಯಾನುಯಲ್ ಗೇರ್ ಗಾಡಿಗೆ ರಿಮೋಟ್ ಸ್ಟಾರ್ಟ್: ಕ್ಲಚ್ ಸ್ವಿಚ್ ನೇರ ಮಾಡಿಸಬಹುದಾ?

ಉಣಕಲ್_ಕೆರೆ
ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಅಂಗಡಿ ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ. ಗಾಡಿ ಇಡೀ ದಿನ ಬಿಸಿಲಲ್ಲೇ ನಿಂತಿರುತ್ತದೆ. ಏಪ್ರಿಲ್, ಮೇ ಬಂತೆಂದರೆ ಮಧ್ಯಾಹ್ನ ಸ್ಟೇರಿಂಗ್ ಮುಟ್ಟಲಿಕ್ಕೆ ಆಗುವುದಿಲ್ಲ. ಅವ್ವನಿಗೆ ಎಪ್ಪತ್ತು ದಾಟಿದೆ, ಆಗಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ಕಾದ ಗಾಡಿಯಲ್ಲಿ ಅವರನ್ನು ಕೂರಿಸಲು ಮನಸ್ಸು ಬರುವುದಿಲ್ಲ. ಐದು ನಿಮಿಷ ಮೊದಲೇ ಎಸಿ ಓಡಿಸಿಟ್ಟರೆ ಸಾಕು.

ಒಂದು ಆಕ್ಸೆಸರಿ ಅಂಗಡಿಯಲ್ಲಿ ವಿಚಾರಿಸಿದೆ. ರಿಮೋಟ್ ಸ್ಟಾರ್ಟ್ ಕಿಟ್ ಹಾಕಿಕೊಡುತ್ತೇವೆ, ಅರ್ಧ ದಿನದ ಕೆಲಸ ಅಂದರು. "ನಿಮ್ಮ ಗಾಡಿ ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುತ್ತದಲ್ವಾ, ಆ ಸ್ವಿಚ್‌ನ ಎರಡು ವೈರ್ ಸೇರಿಸಿ ನೇರ ಮಾಡಿಬಿಡುತ್ತೇವೆ, ಏನೂ ಆಗಲ್ಲ" ಅಂತಾನೂ ಹೇಳಿದರು. ಈ ಕೊನೆಯ ಮಾತು ನನಗೆ ಸಮಾಧಾನ ಕೊಡುತ್ತಿಲ್ಲ. ಯಾರಾದರೂ ಮ್ಯಾನುಯಲ್ ಗಾಡಿಗೆ ಹಾಕಿಸಿದ್ದೀರಾ? ಅಪಾಯ ಇಲ್ಲದಂತೆ ಮಾಡುವ ದಾರಿ ಇದೆಯಾ, ಇಲ್ಲಾ ಈ ಯೋಚನೆಯನ್ನೇ ಬಿಡಬೇಕಾ?

ವಿದ್ಯಾನಗರ_ಹುಡುಗ
ಹಾಕಿಸಿ ಅಣ್ಣಾ. ನನ್ನ ಗೆಳೆಯನ ಗಾಡಿಯಲ್ಲಿ ಇದೆ, ಇಲ್ಲಿತನಕ ಏನೂ ಆಗಿಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸುವ ರೂಢಿ ಮಾಡಿಕೊಂಡರೆ ಮುಗಿಯಿತು.

ಸೆಲ್ಫ್_ಡೈನಮೋ
ಮುಗಿಯಲಿಲ್ಲ ತಮ್ಮಾ, ಅಲ್ಲೇ ಶುರುವಾಗುತ್ತದೆ. ನಾನು ಹಳೇ ಹುಬ್ಬಳ್ಳಿಯಲ್ಲಿ ಗಾಡಿ ವೈರಿಂಗ್ ಕೆಲಸ ಮಾಡುವವನು. ಗೇರ್‌ನಲ್ಲಿ ನಿಂತ ಗಾಡಿಗೆ ಕ್ಲಚ್ ತುಳಿಯದೆ ಸೆಲ್ಫ್ ಹೊಡೆದರೆ ಆ ಸೆಲ್ಫ್ ಮೋಟರೇ ಗಾಡಿಯನ್ನು ಮುಂದೆ ತಳ್ಳುತ್ತದೆ. ಅಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತು ಅಂತ ಇಟ್ಟುಕೊಳ್ಳಿ, ಬ್ರೇಕ್ ತುಳಿಯಲು ಸೀಟಿನಲ್ಲಿ ಯಾರೂ ಇಲ್ಲ. ಹ್ಯಾಂಡ್‌ಬ್ರೇಕ್ ಹಿಡಿದುಕೊಳ್ಳುತ್ತದೆ ಅಂತ ನಂಬಬೇಡಿ. ಫಸ್ಟ್ ಗೇರ್‌ನಲ್ಲಿ ಎಂಜಿನ್ನಿನ ತಿರುಗುವ ಬಲ ಚಕ್ರಕ್ಕೆ ಬರುವ ಹೊತ್ತಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. ಕೇಬಲ್ ಸಡಿಲಾದ ಹ್ಯಾಂಡ್‌ಬ್ರೇಕ್ ಅದರ ಮುಂದೆ ಏನೂ ಅಲ್ಲ.

ರೂಢಿಯ ಮಾತು ಹೇಳಿದಿರಿ. ನಿಮ್ಮ ರೂಢಿ ನಿಮ್ಮದು. ಗಾಡಿ ತೊಳೆಯುವ ಹುಡುಗ, ಸರ್ವಿಸ್‌ನವರು, ಊರಿಂದ ಬಂದ ಭಾವ, ಇವರೆಲ್ಲ ಗೇರ್ ಹಾಕಿಯೇ ನಿಲ್ಲಿಸುತ್ತಾರೆ.

ಒಂದು ಗಾಡಿ ನಮ್ಮಲ್ಲಿಗೆ ಬಂದಿತ್ತು. ಮುಂದಿನ ಬಂಪರ್ ಒಡೆದಿತ್ತು, ನಂಬರ್ ಪ್ಲೇಟ್ ಮಡಚಿಕೊಂಡಿತ್ತು. ಮಾಲೀಕರು ಮನೆಯೊಳಗಿಂದ ರಿಮೋಟ್ ಒತ್ತಿದ್ದಾರೆ, ಗಾಡಿ ಎಗರಿ ಕಾಂಪೌಂಡ್ ಗೇಟಿಗೆ ಹೊಡೆದಿದೆ. ಹಿಂದಿನ ದಿನ ಮಗ ಗಾಡಿ ಓಡಿಸಿ ಗೇರ್‌ನಲ್ಲಿ ಬಿಟ್ಟಿದ್ದ. ನಾನು ಕ್ಲಚ್ ಪೆಡಲ್ ಮೇಲೆ ಕೈ ಹಾಕಿ ನೋಡಿದೆ. ಸ್ವಿಚ್‌ನ ಕಪ್ಲರ್ ಕತ್ತರಿಸಿ ಎರಡು ವೈರ್ ಸುಮ್ನೆ ತಿರುಚಿದ್ದರು, ಮೇಲೆ ಕರಿ ಟೇಪ್. ಆ ಟೇಪಿನ ಅಂಟು ಬಿಸಿಲಿಗೆ ಕರಗಿ ಬೆರಳಿಗೆ ಹತ್ತುತ್ತಿತ್ತು. ಗೇಟಿನ ಹತ್ತಿರ ಆಗ ಯಾರೂ ಇರಲಿಲ್ಲ, ಅದೊಂದೇ ಪುಣ್ಯ.

ವಿದ್ಯಾನಗರ_ಹುಡುಗ
ಕಾಕಾ, ಹಂಗಂದ್ರೆ ಕಿಯಾದವರು ಮ್ಯಾನುಯಲ್ ಗಾಡಿಗೂ ಕಂಪನಿಯಿಂದಲೇ ರಿಮೋಟ್ ಸ್ಟಾರ್ಟ್ ಕೊಟ್ಟಿದ್ದಾರಲ್ಲ? ಅಪಾಯ ಇದ್ದರೆ ಕೊಡುತ್ತಿದ್ದರಾ?

ನವನಗರ_ಅಕ್ಕ
ಕಂಪನಿ ಕೊಡುವುದಕ್ಕೂ ಅಂಗಡಿಯಲ್ಲಿ ಎರಡು ವೈರ್ ತಿರುಚುವುದಕ್ಕೂ ಹೋಲಿಕೆ ಮಾಡಬೇಡಿ. ಅಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದೆಯೋ ಇಲ್ಲವೋ ಅನ್ನುವುದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಮೊದಲೇ ಗೊತ್ತಿರುತ್ತದೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಮ್ಯಾನುಯಲ್ ಗಾಡಿಗಳಲ್ಲೂ ಇದೇ ಕಾರಣಕ್ಕೆ ನ್ಯೂಟ್ರಲ್ ಸೆನ್ಸರ್ ಇರುತ್ತದೆ. 2014ರ ಸಾದಾ ಹ್ಯಾಚ್‌ಬ್ಯಾಕ್‌ಗೆ ಗೇರ್ ಎಲ್ಲಿದೆ ಅನ್ನುವುದೇ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದೇ, ಕ್ಲಚ್ ಒತ್ತಿದೆಯಾ ಇಲ್ಲವಾ. ಆ ಒಂದನ್ನೂ ಕಿತ್ತುಹಾಕುತ್ತೇವೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ.

ರಾಣೇಬೆನ್ನೂರ್_ಸ್ಟೇರಿಂಗ್
ಕ್ಲಚ್ ಸ್ವಿಚ್ ಈಗಿನ ಕಾಲದ ಕಿರಿಕಿರಿ. ಮಾರುತಿ 800, ಆಮ್ನಿ, ಅಂಬಾಸಿಡರ್ ಓಡಿಸುವಾಗ ಇದೆಲ್ಲ ಎಲ್ಲಿತ್ತು? ರೈಲ್ವೆ ಗೇಟ್ ಮೇಲೆ ಗಾಡಿ ಬಂದ್ ಬಿದ್ದರೆ ಫಸ್ಟ್ ಗೇರ್ ಹಾಕಿ ಬರೀ ಸೆಲ್ಫ್‌ನಲ್ಲೇ ಹಳಿ ದಾಟಿಸಬಹುದಿತ್ತು. ಈಗಿನ ಗಾಡಿಯಲ್ಲಿ ಅದು ಆಗಲ್ಲ. ಸ್ವಿಚ್ ತೆಗೆಸುವುದರಲ್ಲಿ ಲಾಭವೂ ಇದೆ.

ಸೆಲ್ಫ್_ಡೈನಮೋ
ಸರ, ನಿಮ್ಮ ಮಾತು ಖರೆ. ಆದರೆ ಅದು ನನ್ನ ಮಾತಿಗೇ ಸಾಕ್ಷಿ. ಸೆಲ್ಫ್ ಒಂದೇ ಗಾಡಿಯನ್ನು ಹಳಿ ದಾಟಿಸುತ್ತದೆ ಅಂದಮೇಲೆ ಅಂಗಳದಲ್ಲಿ ಆಡುವ ಮಗುವಿನ ಮೇಲೂ ಹತ್ತಿಸುತ್ತದೆ. ಆವಾಗ ನೀವು ಸೀಟಿನಲ್ಲಿ ಇರುತ್ತಿದ್ದಿರಿ. ಈಗ ಇರುವುದಿಲ್ಲ.

ಕ್ಯಾಲ್ಗರಿ_ಧಾರವಾಡಿಗ
ನಾನು ಧಾರವಾಡದವನು, ಸದ್ಯ ಕೆನಡಾದಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಮೈನಸ್ 30ಕ್ಕೂ ಇಳಿಯುತ್ತದೆ. ಹಾಗಾಗಿ ರಿಮೋಟ್ ಸ್ಟಾರ್ಟ್ ಎಲ್ಲ ಕಡೆ ಇದೆ, ಮ್ಯಾನುಯಲ್‌ಗೂ ಹಾಕುತ್ತಾರೆ. ಆದರೆ ಮ್ಯಾನುಯಲ್‌ಗೆ ಬೇರೆ ಕಿಟ್. ಅದರಲ್ಲಿ ರೆಡಿ ಮೋಡ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಅದಿಲ್ಲದ ಕಿಟ್ ಅನ್ನು ಮ್ಯಾನುಯಲ್ ಗಾಡಿಗೆ ಮುಟ್ಟಿಸಲೇಬಾರದು.

ಅದು ಹೀಗೆ ಕೆಲಸ ಮಾಡುತ್ತದೆ. ಮನೆಗೆ ಬಂದಿರಿ, ಎಂಜಿನ್ ಓಡುತ್ತಿದೆ. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್‌ನಿಂದ ಕಾಲು ತೆಗೆದು ರಿಮೋಟ್ ಒತ್ತುತ್ತೀರಿ. ಈಗ ಚಾವಿ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಇಳಿದು, ಬಾಗಿಲು ಹಾಕಿ, ಲಾಕ್ ಒತ್ತಿದ ಮೇಲೆ ಕಿಟ್ ತಾನೇ ಎಂಜಿನ್ ನಿಲ್ಲಿಸುತ್ತದೆ. ಕ್ಲಚ್ ತುಳಿಯುವವರಿಲ್ಲದೆ ಎಂಜಿನ್ ಓಡುತ್ತಾ ಗಾಡಿ ನಿಂತಿದೆ ಅಂದರೆ ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು, ಅದೇ ಇದರ ತರ್ಕ. ಆಮೇಲೆ ಯಾವುದಾದರೂ ಬಾಗಿಲು ಅಥವಾ ಬಾನೆಟ್ ತೆರೆದರೆ, ಹ್ಯಾಂಡ್‌ಬ್ರೇಕ್ ಇಳಿದರೆ, ರೆಡಿ ಮೋಡ್ ರದ್ದು. ಮತ್ತೆ ಮೊದಲಿಂದ ಎಲ್ಲ ಮಾಡುವವರೆಗೆ ರಿಮೋಟ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ. ನಿಮ್ಮ ಮಗ ಓಡಿಸಿ ಗೇರ್‌ನಲ್ಲಿ ಬಿಟ್ಟರೂ ಬಾಗಿಲು ತೆರೆದಿದ್ದು ಕಿಟ್‌ಗೆ ತಿಳಿದಿರುತ್ತದೆ.

ಉಣಕಲ್_ಕೆರೆ
ಇದು ಕೇಳಿ ಜೀವ ಬಂತು. ಹಾಗಾದರೆ ಕ್ಲಚ್ ಸ್ವಿಚ್‌ಗೆ ಏನು ಮಾಡುತ್ತಾರೆ? ಅದನ್ನು ದಾಟದೆ ಸೆಲ್ಫ್ ಹೊಡೆಯುವುದೇ ಇಲ್ಲವಲ್ಲ.

ನವನಗರ_ಅಕ್ಕ
ದಾಟಬೇಕು, ಆದರೆ ಕಿಟ್ ಸ್ಟಾರ್ಟ್ ಮಾಡುವ ಹೊತ್ತಿಗೆ ಮಾತ್ರ. ಒಳ್ಳೆಯ ಕಿಟ್‌ನಿಂದ ಒಂದು ವೈರ್ ಬರುತ್ತದೆ, ರಿಮೋಟ್‌ನಲ್ಲಿ ಎಂಜಿನ್ ಓಡಿಸುವಾಗ ಮಾತ್ರ ಅದು ಅರ್ಥ್ (ಬ್ಯಾಟರಿಯ ಮೈನಸ್) ಆಗುತ್ತದೆ. ರಿಲೇ ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಬಂದಾಗ ಸೇರುವ ಸ್ವಿಚ್, ಅದರ ಕಾಲುಗಳಿಗೆ ನಂಬರ್ ಇರುತ್ತದೆ. ಆ ವೈರ್ ಅನ್ನು ರಿಲೇಯ 85ಕ್ಕೆ ಕೊಡಿ, 86ಕ್ಕೆ ಫ್ಯೂಸ್ ಮೂಲಕ 12 ವೋಲ್ಟ್. 30 ಮತ್ತು 87 ಕ್ಲಚ್ ಸ್ವಿಚ್‌ನ ಎರಡು ವೈರ್‌ಗಳಿಗೆ ಹೋಗಬೇಕು. ಸ್ವಿಚ್ ಕತ್ತರಿಸುವ ಹಾಗಿಲ್ಲ, ಪಕ್ಕದಲ್ಲಿ ಸೇರಿಸಬೇಕು. ಚಾವಿ ಹಾಕಿ ಸ್ಟಾರ್ಟ್ ಮಾಡುವಾಗ ರಿಲೇ ಸುಮ್ಮನಿರುತ್ತದೆ, ಕ್ಲಚ್ ತುಳಿಯದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ರಿಲೇ ಕಾಯಿಲ್‌ಗೆ 1ಎನ್4007 ಡಯೋಡ್ ಹಾಕಿ, ಪಟ್ಟಿ ಇರುವ ತುದಿ 12 ವೋಲ್ಟ್ ಕಡೆಗೆ. ಇಲ್ಲದಿದ್ದರೆ ರಿಲೇ ಬಿಡುವಾಗ ಹುಟ್ಟುವ ವೋಲ್ಟೇಜ್ ಕಿಟ್‌ನ ಟ್ರಾನ್ಸಿಸ್ಟರ್ ಸುಡಬಹುದು.

ಬ್ಯಾಡಗಿ_ಮೆಣಸು
ಇಲಿ ಕಡಿದರೆ? ನಮ್ಮ ಗೋದಾಮಿನ ಹತ್ತಿರ ನಿಲ್ಲಿಸಿದ ಗಾಡಿಗಳಲ್ಲಿ ವೈರ್ ಕಡಿಯದ ತಿಂಗಳೇ ಇಲ್ಲ.

ಕಪ್ಪತಗುಡ್ಡ
ಇಲಿಗೆ ತಂಬಾಕಿನ ಎಲೆ ಇಡಿ ಸರ. ನಮ್ಮ ಗದಗಿನಲ್ಲಿ ಎಲ್ಲರೂ ಬಾನೆಟ್ ಕೆಳಗೆ ಒಂದು ಗಂಟು ಕಟ್ಟುತ್ತಾರೆ.

ರಾಣೇಬೆನ್ನೂರ್_ಸ್ಟೇರಿಂಗ್
ತಂಬಾಕು ನಾಲ್ಕು ದಿನ ಅಷ್ಟೇ. ಕೆಳಗಿನಿಂದ ಜಾಳಿಗೆ ಹೊಡೆಸಿದರೆ ಮಾತ್ರ ಇಲಿ ನಿಲ್ಲುತ್ತದೆ.

ನವನಗರ_ಅಕ್ಕ
ಬ್ಯಾಡಗಿಯವರು ಕೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ತಂಬಾಕಿನ ಮಾತಲ್ಲಿ ಅದು ಕಳೆದುಹೋಗಬಾರದು.

ಯಾವ ವೈರ್ ಜೋಡಿಸಿದರೂ ಮೊದಲು ಇದನ್ನು ಕೇಳಿಕೊಳ್ಳಿ: ಇದು ಕಡಿದುಹೋದರೆ ಗಾಡಿ ಸ್ಟಾರ್ಟ್ ಆಗುತ್ತದಾ, ಆಗಲ್ವಾ? ಆಗದಿದ್ದರೆ ಒಳ್ಳೆಯದು, ಚಾವಿ ಹಾಕಿ ಹೋದರಾಯಿತು. ಆಗುತ್ತದೆ ಅಂದರೆ ಅಪಾಯ.

ಈಗ ಬಾಗಿಲಿನ ಸ್ವಿಚ್ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಬಾಗಿಲು ತೆರೆದಾಗ ಆ ವೈರ್ ಬಾಡಿಗೆ ಅರ್ಥ್ ಆಗುತ್ತದೆ, ಮುಚ್ಚಿದಾಗ ಬಿಡುತ್ತದೆ. ಆ ವೈರ್ ಕಡಿದರೆ ಕಿಟ್‌ಗೆ ಬಾಗಿಲು ಯಾವಾಗಲೂ ಮುಚ್ಚಿದಂತೆಯೇ ಕಾಣುತ್ತದೆ. ಯಾರೋ ಒಳಗೆ ಕೂತು ಗೇರ್ ಹಾಕಿ ಇಳಿದು ಹೋದರೂ ಅದಕ್ಕೆ ತಿಳಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ವೈರ್ ಉಲ್ಟಾ. ಅಲ್ಲಿ ಎಳೆದಾಗ ಅರ್ಥ್ ಆಗುತ್ತದೆ. ಅದರ ಸ್ಲೀವ್ ಸವೆದು ಬಾಡಿಗೆ ತಾಗಿದರೆ ಹ್ಯಾಂಡ್‌ಬ್ರೇಕ್ ಎಳೆದಿದೆ ಅಂತ ಕಿಟ್ ನಂಬಿಬಿಡುತ್ತದೆ. ಅಂದರೆ ರೆಡಿ ಮೋಡ್ ನಂಬಿಕೊಂಡಿರುವ ಈ ಎರಡೂ ವೈರ್ ಅಪಾಯದ ಕಡೆಗೆ ಕೆಡಬಹುದು. ಕ್ಯಾಲ್ಗರಿಯವರು ಹೇಳಿದ್ದು ಸರಿ, ಆದರೆ ಅಷ್ಟೇ ಸಾಕು ಅನ್ನುವುದನ್ನು ನಾನು ಒಪ್ಪಲ್ಲ.

ಕ್ಯಾಲ್ಗರಿ_ಧಾರವಾಡಿಗ
ಒಪ್ಪಿದೆ ಅಕ್ಕಾ. ಇಲ್ಲಿ ಗಾಡಿ ಹೆಚ್ಚಾಗಿ ಒಬ್ಬರೇ ಓಡಿಸುವುದು. ನಮ್ಮೂರಿನಲ್ಲಿ ಒಂದು ಗಾಡಿಗೆ ನಾಲ್ಕು ಕೈ. ಇನ್ನೊಂದು ಮಾತು, ಕಿಟಕಿ ಇಳಿಸಿ ಹೋದರೆ ಹೊರಗಿನಿಂದಲೇ ಕೈ ಹಾಕಿ ಗೇರ್ ಬದಲಿಸಬಹುದು, ಬಾಗಿಲು ತೆರೆಯಬೇಕಂತಿಲ್ಲ. ಹಾಗಾಗಿ ಕಿಟಕಿ ಪೂರ್ತಿ ಏರಿಸಿರಬೇಕು.

ಉಣಕಲ್_ಕೆರೆ
ಅಕ್ಕಾವರೇ, ಹಾಗಾದರೆ ಮತ್ತೇನು ಮಾಡಬೇಕು?

ನವನಗರ_ಅಕ್ಕ
ಗೇರ್‌ಗೇ ಒಂದು ಸ್ವಿಚ್ ಹಾಕಬೇಕು. ಕೇಬಲ್ ಗೇರ್ ಇರುವ ಗಾಡಿಯಲ್ಲಿ ಲಿವರ್‌ನಿಂದ ಎರಡು ಕೇಬಲ್ ಹೋಗುತ್ತವೆ. ಒಂದು ಲಿವರ್ ಎಡಕ್ಕೆ ಬಲಕ್ಕೆ ಹೋದಾಗ ಅಲುಗುತ್ತದೆ, ಇನ್ನೊಂದು ಮುಂದೆ ಹಿಂದೆ ಮಾಡಿದಾಗ. ನಮಗೆ ಬೇಕಾದದ್ದು ಎರಡನೆಯದು. ನ್ಯೂಟ್ರಲ್‌ನಲ್ಲಿ ಅದು ನಡುವೆ ನಿಲ್ಲುತ್ತದೆ, ಯಾವ ಗೇರ್ ಹಾಕಿದರೂ ನಡುವಿನಿಂದ ಸರಿಯುತ್ತದೆ. ಅಲ್ಲಿ ಒಂದು ಸಣ್ಣ ಮ್ಯಾಗ್ನೆಟ್, ಎದುರಿಗೆ ರೀಡ್ ಸ್ವಿಚ್, ಅಂದರೆ ಮ್ಯಾಗ್ನೆಟ್ ಹತ್ತಿರ ಬಂದರೆ ಸೇರುವ ಸ್ವಿಚ್. ನಡುವೆ ಇದ್ದಾಗ ಮಾತ್ರ ಸ್ವಿಚ್ ಸೇರಬೇಕು. ಮೇಲೆ ಹೇಳಿದ ರಿಲೇಯ 86ಕ್ಕೆ ಬರುವ 12 ವೋಲ್ಟ್ ಈ ಸ್ವಿಚ್ ಮೂಲಕವೇ ಬರಲಿ. ಗೇರ್‌ನಲ್ಲಿದ್ದರೆ ರಿಲೇ ಎಳೆಯುವುದಿಲ್ಲ, ಕ್ಲಚ್ ಸ್ವಿಚ್ ದಾಟುವುದಿಲ್ಲ, ಸೆಲ್ಫ್ ಹೊಡೆಯುವುದಿಲ್ಲ. ಈ ವೈರ್ ಇಲಿ ಕಡಿದರೂ ಅಷ್ಟೇ, ಸ್ಟಾರ್ಟ್ ಆಗುವುದಿಲ್ಲ. ರೆಡಿ ಮೋಡ್ ಜೊತೆಗೆ ಇದೂ ಇರಬೇಕು, ಒಂದಕ್ಕೆ ಬದಲಾಗಿ ಇನ್ನೊಂದಲ್ಲ.

ವಿದ್ಯಾನಗರ_ಹುಡುಗ
ಇಷ್ಟೆಲ್ಲ ಮಾಡೋ ಅಂಗಡಿ ಹುಬ್ಬಳ್ಳಿಯಲ್ಲಿ ಯಾವುದಿದೆ ಅಕ್ಕಾ? ಎಲ್ಲರೂ ಸ್ಟೀರಿಯೋ ಹಾಕುವವರೇ.

ಸೆಲ್ಫ್_ಡೈನಮೋ
ಸ್ಟೀರಿಯೋ ಹಾಕುವವರಲ್ಲೂ ಕೆಲಸ ಬಲ್ಲವರಿದ್ದಾರೆ. ಮೊದಲು ಅವರ ಕೈಯಲ್ಲಿ ಏನಿದೆ ನೋಡಿ. ಮಲ್ಟಿಮೀಟರ್ ಇದ್ದರೆ ಮಾತು ಮುಂದುವರಿಸಿ. ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಒಂದೇ ಇದ್ದರೆ ವಾಪಸ್ ಬನ್ನಿ. ಸ್ಟೇರಿಂಗ್ ಕೆಳಗೆ ಹಳದಿ ಕಪ್ಲರ್ ಇರುತ್ತದಲ್ಲ, ಅದು ಏರ್‌ಬ್ಯಾಗಿನದು. ಅದಕ್ಕೆ ಲ್ಯಾಂಪ್ ಚುಚ್ಚಿದರೆ ಏರ್‌ಬ್ಯಾಗ್ ಮುಖಕ್ಕೇ ಹೊಡೆಯಬಹುದು.

ವೈರ್ ಬಣ್ಣ ನೋಡಿ ಜೋಡಿಸುವವರನ್ನೂ ನಂಬಬೇಡಿ. ಅದೇ ಮಾಡೆಲ್, ಬೇರೆ ವರ್ಷ ಅಂದರೆ ಬಣ್ಣ ಬೇರೆ ಇರಬಹುದು. ಮೀಟರ್ ಇಟ್ಟು ಚಾವಿ ತಿರುಗಿಸುತ್ತಾ ನೋಡಬೇಕು. ಚಾವಿ ಆಫ್ ಇದ್ದಾಗಲೂ 12 ವೋಲ್ಟ್ ಇದ್ದರೆ ಬ್ಯಾಟರಿ ವೈರ್. ಆನ್‌ನಲ್ಲೂ ಸೆಲ್ಫ್ ಹೊಡೆಯುವಾಗಲೂ ಇದ್ದರೆ ಇಗ್ನಿಷನ್. ಸೆಲ್ಫ್ ಹೊಡೆಯುವಾಗ ಹೋಗಿ ಮತ್ತೆ ಬಂದರೆ ಆಕ್ಸೆಸರಿ. ಸೆಲ್ಫ್ ಹೊಡೆಯುವಾಗ ಮಾತ್ರ ಬಂದರೆ ಅದೇ ಸ್ಟಾರ್ಟರ್ ವೈರ್. ಬಾಗಿಲಿನ ಸಿಗ್ನಲ್ ಅನ್ನು ಒಳಗಿನ ದೀಪದಿಂದ ತೆಗೆಯಬಾರದು. ಎಷ್ಟೋ ಗಾಡಿಗಳಲ್ಲಿ ಆ ದೀಪ ತಡವಾಗಿ ಆರುತ್ತದೆ, ಸ್ವಿಚ್ ಆಫ್ ಮಾಡಿಟ್ಟರೆ ಹತ್ತುವುದೇ ಇಲ್ಲ. ಡ್ರೈವರ್ ಬಾಗಿಲು, ಉಳಿದ ಬಾಗಿಲು, ಡಿಕ್ಕಿ ಎಲ್ಲದರ ಸ್ವಿಚ್‌ನಿಂದಲೇ ತೆಗೆಯಬೇಕು. ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಎಳೆಯಬೇಕು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು.

ಬೆಟಗೇರಿ_ಮಗ್ಗ
ಚಾವಿಯಲ್ಲಿ ಚಿಪ್ ಇರುತ್ತದಲ್ಲ? ಚಾವಿ ಇಲ್ಲದೆ ಎಂಜಿನ್ ಹೇಗೆ ಹೊತ್ತುತ್ತದೆ?

ಸೆಲ್ಫ್_ಡೈನಮೋ
ಎರಡನೇ ಚಾವಿ ಕೊಡಿ ಅನ್ನುತ್ತಾರೆ. ಅದರ ಚಿಪ್ ಅನ್ನು ಡ್ಯಾಶ್‌ಬೋರ್ಡ್ ಒಳಗೆ ಅಂಟಿಸಿಬಿಡುತ್ತಾರೆ. ಕೊಡಬೇಡಿ. ಚಿಪ್ ಯಾವಾಗಲೂ ಗಾಡಿಯಲ್ಲೇ ಇದ್ದರೆ ಕಳ್ಳನಿಗೆ ಇಮ್ಮೊಬಿಲೈಸರ್ (ಚಿಪ್ ಇಲ್ಲದೆ ಎಂಜಿನ್ ಹೊತ್ತದಂತೆ ತಡೆಯುವ ವ್ಯವಸ್ಥೆ) ಇದ್ದೂ ಇಲ್ಲದ ಹಾಗೆ. ಕೋಡ್ ಕಲಿತುಕೊಂಡು ರಿಮೋಟ್ ಸ್ಟಾರ್ಟ್ ಹೊತ್ತಿನಲ್ಲಿ ಮಾತ್ರ ಕಳಿಸುವ ಬೈಪಾಸ್ ಮಾಡ್ಯೂಲ್ ಇವೆ. ನಿಮ್ಮ ಗಾಡಿಗೆ ಹೊಂದುವುದು ಸಿಕ್ಕರೆ ಮಾತ್ರ ಮಾಡಿಸಿ.

ಸಪ್ತಾಪುರ_ವಕೀಲ
ಕಾನೂನಿನ ಮಾತು ಯಾರೂ ತೆಗೆಯಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಓದಿ. ಸಾರ್ವಜನಿಕ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು. ಇಲ್ಲವಾದರೆ ಎಂಜಿನ್ ಬಂದ್ ಮಾಡಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ತೆಗೆದುಕೊಂಡು, ಗಾಡಿ ತಾನಾಗಿ ಚಲಿಸದ ಹಾಗೆ ನೋಡಿಕೊಂಡಿರಬೇಕು. ಗೋಕುಲ ರಸ್ತೆಯ ಅಂಚಿನಲ್ಲಿ ಖಾಲಿ ಗಾಡಿಯ ಎಂಜಿನ್ ಓಡುತ್ತಿದ್ದರೆ ಇದಕ್ಕೆ ವಿರುದ್ಧ. ಸ್ವಂತ ಕಾಂಪೌಂಡಿನ ಒಳಗಿನ ಮಾತು ಬೇರೆ. ಮೇಲಾಗಿ ವೈರಿಂಗ್ ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಕ್ಲೇಮ್ ಬಂದಾಗ ಅವರು ಮೊದಲು ಕೈ ಹಾಕುವುದೇ ಇಂಥದ್ದಕ್ಕೆ.

ವಿದ್ಯಾನಗರ_ಹುಡುಗ
ವಕೀಲರೇ, ದುರ್ಗದಬೈಲಿನಲ್ಲಿ ದಿನಾ ಎಷ್ಟು ಜನ ಎಂಜಿನ್ ಓಡುತ್ತಾ ಬಿಟ್ಟು ಸಾಮಾನು ತರಲು ಇಳಿಯುತ್ತಾರೆ ನೋಡಿದ್ದೀರಾ?

ಸಪ್ತಾಪುರ_ವಕೀಲ
ನೋಡಿದ್ದೇನೆ. ಎಲ್ಲರೂ ಮಾಡುತ್ತಾರೆ ಅನ್ನುವುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಮಾಳಮಡ್ಡಿ_ಮಳೆ
ಧಾರವಾಡದವರು ಇನ್ನೊಂದು ವಿಚಾರ ಮಾಡಬೇಕು. ನಮ್ಮಲ್ಲಿ ಏರು ಇಳಿಜಾರು ಜಾಸ್ತಿ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಗೇರ್ ಹಾಕಿಡಬೇಕು ಅಂತ ನಮ್ಮಪ್ಪ ಕಲಿಸಿದ್ದು. ರಿಮೋಟ್ ಸ್ಟಾರ್ಟ್‌ಗಾಗಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಲ್ಲ ಭಾರ ಹ್ಯಾಂಡ್‌ಬ್ರೇಕ್ ಮೇಲೆ. ಹ್ಯಾಂಡ್‌ಬ್ರೇಕ್ ಸ್ವಿಚ್‌ಗೆ ಗೊತ್ತಾಗುವುದು ಅದರ ಲಿವರ್ ಮೇಲೆ ಬಂದಿದೆ ಅನ್ನುವುದಷ್ಟೇ. ಬ್ರೇಕ್ ಹಿಡಿದಿದೆಯಾ ಅನ್ನುವುದು ಅದಕ್ಕೆ ತಿಳಿಯದು.

ಸೆಲ್ಫ್_ಡೈನಮೋ
ನೂರಕ್ಕೆ ನೂರು ಸರಿ. ಇಳಿಜಾರಿನಲ್ಲಿ ರೆಡಿ ಮೋಡ್ ಬೇಡವೇ ಬೇಡ. ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ.

ಕಪ್ಪತಗುಡ್ಡ
ಹೊಲದ ಹತ್ತಿರ ನಿಲ್ಲಿಸುವವರಿಗೆ ಒಂದು ಮಾತು. ಕಣಕಿ, ಹೊಟ್ಟು, ಒಣ ಹುಲ್ಲಿನ ಮೇಲೆ ನಿಲ್ಲಿಸಿ ದೂರದಿಂದ ಸ್ಟಾರ್ಟ್ ಮಾಡಬೇಡಿ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾಯುತ್ತದೆ. ಬೆಂಕಿ ಹತ್ತಿದರೆ ನೋಡಲು ಹತ್ತಿರ ಯಾರೂ ಇರುವುದಿಲ್ಲ.

ನವನಗರ_ಅಕ್ಕ
ಮುಚ್ಚಿದ ಗ್ಯಾರೇಜಿನಲ್ಲೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾರೇಜಿನಿಂದ ಮನೆಯೊಳಕ್ಕೆ ಬಾಗಿಲಿದ್ದರೆ ಮನೆಯಲ್ಲಿರುವವರಿಗೂ ಅಪಾಯ. ಜೇಬಿನಲ್ಲಿ ರಿಮೋಟ್ ತಾನೇ ಒತ್ತಿಕೊಂಡರೂ ಸ್ಟಾರ್ಟ್ ಆಗಬಹುದು. ಹಾಗಾಗಿ ಎರಡು ಸಲ ಒತ್ತಿದರೆ ಮಾತ್ರ ಕೆಲಸ ಮಾಡುವ ರಿಮೋಟ್, ಹತ್ತು ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಎರಡೂ ಇರಬೇಕು.

ಬೆಟಗೇರಿ_ಮಗ್ಗ
ನಮ್ಮದು ಡೀಸೆಲ್. ಅದಕ್ಕೂ ಇದೇ ಕ್ರಮವಾ?

ಸೆಲ್ಫ್_ಡೈನಮೋ
ಡೀಸೆಲ್‌ಗೆ ಗ್ಲೋ ಪ್ಲಗ್ (ಸಿಲಿಂಡರ್ ಒಳಗೆ ಬಿಸಿ ಮಾಡುವ ಪ್ಲಗ್) ಕಾಯುವ ತನಕ ತಡೆದು ಸೆಲ್ಫ್ ಹೊಡೆಯುವ ಸೆಟ್ಟಿಂಗ್ ಬೇಕು. ಎಂಜಿನ್ ಹೊತ್ತಿತು ಅನ್ನುವುದು ಕಿಟ್‌ಗೆ ತಿಳಿಯಲು ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಸಿಗ್ನಲ್ ಕೊಡಬೇಕು. ಸ್ಪಾರ್ಕ್ ಇಲ್ಲವಲ್ಲ, ಹಾಗಾಗಿ ಇಂಜೆಕ್ಟರ್ ವೈರ್ ಅಥವಾ ಆಲ್ಟರ್ನೇಟರ್ ಕಡೆಯಿಂದ ತೆಗೆಯುತ್ತಾರೆ. ಆರ್‌ಪಿಎಂ ಇಲ್ಲದೆ ಬರೀ ಬ್ಯಾಟರಿ ವೋಲ್ಟೇಜ್ ನೋಡಿ ಅಂದಾಜು ಮಾಡುವ ಕಿಟ್ ಹೊತ್ತಿದ ಎಂಜಿನ್ನಿಗೂ ಸೆಲ್ಫ್ ಹೊಡೆದು ಹಲ್ಲು ಸವೆಸಬಹುದು. ಪೆಟ್ರೋಲ್‌ಗೂ ಆರ್‌ಪಿಎಂ ವೈರ್ ಕೊಟ್ಟೇ ಮಾಡಿಸಿ.

ಮಾಳಮಡ್ಡಿ_ಮಳೆ
ಅಣ್ಣಾ, ನನಗನಿಸುವುದು ಹೇಳಲಾ? ಇಷ್ಟೆಲ್ಲ ಮಾಡುವ ಬದಲು ನೀವೇ ಐದು ನಿಮಿಷ ಮೊದಲು ಹೋಗಿ, ನಾಲ್ಕೂ ಬಾಗಿಲು ತೆರೆದು ಕಾದ ಗಾಳಿ ಬಿಟ್ಟು, ಎಸಿ ಹಾಕಿ ಗಾಡಿ ತಿರುಗಿಸಿಕೊಂಡು ಬನ್ನಿ. ಓಡುವ ಗಾಡಿಯಲ್ಲಿ ಎಸಿ ಬೇಗ ತಣ್ಣಗಾಗುತ್ತದೆ, ನಿಂತಲ್ಲಿ ಅಷ್ಟು ಆಗಲ್ಲ.

ಉಣಕಲ್_ಕೆರೆ
ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ದೊಡ್ಡ ಉಪಕಾರ. ಅಂಗಡಿ ಮುಂದೆ ರಿಮೋಟ್ ಸ್ಟಾರ್ಟ್ ಮಾಡುವ ಯೋಚನೆ ಬಿಟ್ಟೆ, ಅದು ರಸ್ತೆ. ಮಾಳಮಡ್ಡಿಯವರು ಹೇಳಿದಂತೆ ಅಲ್ಲಿ ನಾನೇ ಮೊದಲು ಹೋಗುತ್ತೇನೆ. ಮನೆಯ ಕಾಂಪೌಂಡ್ ಸಮತಟ್ಟು, ಮೇಲೆ ತೆರೆದಿದೆ. ಅಲ್ಲಿಗೆ ಬೇಕು ಅನಿಸಿದರೆ ರೆಡಿ ಮೋಡ್ ಕಿಟ್, ಗೇರ್ ಸ್ವಿಚ್, ರಿಲೇ ಎಲ್ಲ ಸೇರಿಸಿಯೇ ಮಾಡಿಸುವುದು. ಕ್ಲಚ್ ವೈರ್ ತಿರುಚುವ ಅಂಗಡಿಗೆ ಮತ್ತೆ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಪರೀಕ್ಷೆ ಹೇಗೆ ಮಾಡಬೇಕು?

ಸೆಲ್ಫ್_ಡೈನಮೋ
ಮುಂದೆ ಹಿಂದೆ ಖಾಲಿ ಜಾಗ ಇರಲಿ, ಚಕ್ರಕ್ಕೆ ಕಲ್ಲು ಕೊಡಿ, ಸೀಟಿನಲ್ಲಿ ಬ್ರೇಕ್ ಹತ್ತಿರ ಕಾಲಿಟ್ಟು ಒಬ್ಬರು ಕೂತಿರಲಿ. ಮೊದಲು ಪ್ರತಿ ಬಾಗಿಲಿಗೂ ಹೊಸದಾಗಿ ರೆಡಿ ಮೋಡ್‌ಗೆ ಹಾಕಿಕೊಂಡು, ಒಂದೊಂದೇ ಬಾಗಿಲು ತೆರೆದು ಮುಚ್ಚಿ, ಪ್ರತಿ ಸಲ ರಿಮೋಟ್ ಒತ್ತಿ. ಒಂದು ಬಾಗಿಲಿಗೂ ಸ್ಟಾರ್ಟ್ ಆಗಬಾರದು. ಡಿಕ್ಕಿ, ಬಾನೆಟ್ ಮರೆಯಬೇಡಿ. ಆಮೇಲೆ ಎಂಜಿನ್ ಬಂದ್ ಇದ್ದಾಗ ರಿಲೇಯ 86ಕ್ಕೆ ಮೀಟರ್ ಇಟ್ಟು, ಪ್ರತಿ ಗೇರ್ ಹಾಕಿ ನೋಡಿ. ಗೇರ್‌ನಲ್ಲಿ ವೋಲ್ಟೇಜ್ ಬರಬಾರದು, ನ್ಯೂಟ್ರಲ್‌ನಲ್ಲಿ ಮಾತ್ರ ಬರಬೇಕು. ಇದಕ್ಕೆ ರಿಮೋಟ್ ಒತ್ತುವುದು ಬೇಡ, ಹಾಗಾಗಿ ತಪ್ಪಿದ್ದರೂ ಗಾಡಿ ಅಲುಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬಾಗಿಲಿನ ಸ್ವಿಚ್‌ಗಳನ್ನು ಮತ್ತೊಮ್ಮೆ ನೋಡಿ, ಅವು ತುಕ್ಕು ಹಿಡಿಯುತ್ತವೆ.

ನವನಗರ_ಅಕ್ಕ
ಒಂದು ಸೇರಿಸುತ್ತೇನೆ. ಐದು ಕಾಲಿನ ರಿಲೇ ತಂದರೆ 87 ಮತ್ತು 87ಎ ಅಂತ ಎರಡು ಇರುತ್ತವೆ. 87ಕ್ಕೇ ಹಾಕಬೇಕು. 87ಎಗೆ ಹಾಕಿದರೆ ರಿಲೇ ಸುಮ್ಮನಿದ್ದಾಗಲೇ ಕ್ಲಚ್ ಸ್ವಿಚ್ ನೇರವಾಗಿರುತ್ತದೆ, ಅಂಗಡಿಯವರು ಹೇಳಿದ್ದೇ ಆದ ಹಾಗೆ. ನಾಲ್ಕು ಕಾಲಿನದನ್ನೇ ತನ್ನಿ.

ಉಣಕಲ್_ಕೆರೆ
ಬರೆದಿಟ್ಟುಕೊಂಡೆ ಅಕ್ಕಾವರೇ. ನಾಲ್ಕು ಕಾಲಿನದನ್ನೇ ತರುತ್ತೇನೆ.